ಕೋಲಾರದ ಶೆಡ್ಡಿನಲ್ಲಿ ಟ್ರ್ಯಾಕ್‌ಗೆ ರೆಡಿಯಾದ ನನ್ನ ಪೋಲೋ

ನನ್ನದು ಫೋಕ್ಸ್‌ವ್ಯಾಗನ್ ಕಂಪನಿಯ 1.0 ಟಿಎಸ್‌ಐ ಪೋಲೋ ಕಾರು. 999 ಸಿಸಿ, ಮೂರು ಸಿಲಿಂಡರ್, ಟರ್ಬೊ, 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್, ಆರು ಗೇರಿನ ಮ್ಯಾನುಯಲ್. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ಮಾಡುವುದನ್ನೇ ನಿಲ್ಲಿಸಿದರು. ಆಮೇಲಂತೂ ಇದನ್ನು ಕೊಡುವ ಯೋಚನೆಯೇ ಬಂದಿಲ್ಲ. ವಾರವೆಲ್ಲ ಕೋಲಾರದಿಂದ ನರಸಾಪುರಕ್ಕೆ ಕೆಲಸಕ್ಕೆ ಹೋಗಿ ಬರುತ್ತದೆ. ಟ್ರ್ಯಾಕ್ ಡೇ, ಅಂದ್ರೆ ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಕಾರನ್ನೇ ಓಡಿಸುವ ದಿನ, ಇದ್ದಾಗ ಮುಳಬಾಗಿಲು, ಚಿತ್ತೂರು, ರಾಣಿಪೇಟೆ, ಕಾಂಚಿಪುರಂ ದಾಟಿ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಹೋಗುತ್ತದೆ. ಬೆಂಗಳೂರಿನವರಿಗಿಂತ ಆ ಟ್ರ್ಯಾಕ್ ನಮಗೇ ಹತ್ತಿರ.

ಕಾರ್ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪವರ್ ಏರಿಸಿದ್ದೀರಾ? ಏರಿಸಿಲ್ಲ. ಎಂಜಿನ್ ಸಾಫ್ಟ್‌ವೇರ್ ಬದಲಾಯಿಸುವ ರೀಮ್ಯಾಪ್ ಇಲ್ಲ, ಎಕ್ಸಾಸ್ಟ್ ಬದಲಾಯಿಸಿಲ್ಲ. ದುಡ್ಡು, ಸಮಯ ಎಲ್ಲ ಹೋಗಿದ್ದು ಬ್ರೇಕ್, ಟೈರ್, ಕ್ಯಾಂಬರ್‌ಗೆ (ಚಕ್ರ ಎಷ್ಟು ವಾಲಿರಬೇಕು ಅನ್ನುವುದು). ಹಾಗೆ ಮಾಡು ಅಂತ ಯಾರೂ ಹೇಳಿಕೊಡಲಿಲ್ಲ. ಟ್ರ್ಯಾಕ್‌ನಿಂದ ಬಂದ ಮೇಲೆ ಕಾರಿನ ಮೇಲೆ ಉಳಿಯುವ ಗುರುತುಗಳನ್ನು ನೋಡಿದೆ. ಎಲ್ಲಿ ಬಿಸಿ ಜಾಸ್ತಿ ಆಗಿದೆಯೋ, ಎಲ್ಲಿ ಸವೆದಿದೆಯೋ, ಅಲ್ಲಿಗೆ ಮಾತ್ರ ಕೈ ಹಾಕಿದೆ.

ಟ್ರ್ಯಾಕ್ ಬಗ್ಗೆ ಎರಡು ಮಾತು. ಹಿಂದೆ ಮದ್ರಾಸಿನ ರೇಸುಗಳು ಶೋಲಾವರಂನ ಹಳೆ ಏರ್‌ಸ್ಟ್ರಿಪ್ ಮೇಲೆ ನಡೆಯುತ್ತಿದ್ದವು. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಶುರುವಾಗಿದ್ದು 1990ರಲ್ಲಿ. ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, ಎರಡು ಕಿ.ಮೀ. ಚಿಲ್ಲರೆ. ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಚಿಕ್ಕ ಕಾರಿನವರು ಅಲ್ಲಿ ಹೋದಾಗ ಆ ಹೆಸರನ್ನು ಒಮ್ಮೆ ನೆನೆಯಬೇಕು. ಮನೆಮನೆಯಲ್ಲಿದ್ದ ಕಾರಿನ ಎಂಜಿನ್‌ನಿಂದಲೂ ರೇಸ್ ಕಾರು ಕಟ್ಟಬಹುದು ಅಂತ ಇಲ್ಲಿ ತೋರಿಸಿದವರು ಅವರು.

ಈಗ ಬ್ರೇಕ್.

ಚಾಲಕ, ಪೆಟ್ರೋಲ್ ಎಲ್ಲ ಸೇರಿ ಕಾರಿನ ತೂಕ 1,150 ಕೆ.ಜಿ. ಅಂತ ಇಟ್ಟುಕೊಳ್ಳಿ. ಗಂಟೆಗೆ 150 ಕಿ.ಮೀ. ವೇಗದಿಂದ 70ಕ್ಕೆ ಇಳಿಸಿದರೆ ಸುಮಾರು 780 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಅದರಲ್ಲಿ ಹೆಚ್ಚಿನ ಪಾಲು ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಅದುಮಿ ಹಿಡಿಯುವ ಪ್ಯಾಡ್‌ಗೆ ಬಿಸಿಯಾಗಿ ಸೇರುತ್ತದೆ. ಮಾಮೂಲಿ ತಣ್ಣೀರು ಎರಡೂವರೆ ಲೀಟರ್ ಕುದಿಸಲು ಅಷ್ಟು ಶಾಖ ಸಾಕು. ಇದು ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ! ಅದೂ ಕೆಲವೇ ಸೆಕೆಂಡಿನಲ್ಲಿ. ಒಂದು ಲ್ಯಾಪ್‌ನಲ್ಲಿ ಇಂಥ ಜಾಗ ಹಲವು ಬರುತ್ತವೆ. ಟ್ರ್ಯಾಕ್ ಮೇಲೆ ಒಂದು ಸಲ ಇಳಿದರೆ, ಅಂದ್ರೆ ಒಂದು ಸೆಷನ್, 15–20 ನಿಮಿಷ ಇರುತ್ತದೆ. ರಸ್ತೆಯಲ್ಲಿ ಒಂದು ಸಲ ಜೋರಾಗಿ ಬ್ರೇಕ್ ಹಾಕಿದರೆ ಆಮೇಲೆ ಕಿಲೋಮೀಟರ್‌ಗಟ್ಟಲೆ ಗಾಳಿ ಬಡಿದು ತಣ್ಣಗಾಗುತ್ತದೆ. ಟ್ರ್ಯಾಕ್‌ನಲ್ಲಿ ಆ ಬಿಡುವು ಸಿಗುವುದಿಲ್ಲ.

ಬಿಸಿ ಜಾಸ್ತಿಯಾದಾಗ ಎರಡು ತೊಂದರೆ ಬರುತ್ತವೆ. ಎರಡೂ ಒಂದೇ ಅಂತ ತುಂಬ ಜನ ತಿಳಿದಿದ್ದಾರೆ. ಪ್ಯಾಡ್ ಸೋತರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರ್ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಕುದ್ದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತವೆ. ನಮ್ಮ ಕಾಲಿನ ಒತ್ತಡ ಆ ಗುಳ್ಳೆಗಳನ್ನು ಅಮುಕುವುದಕ್ಕೇ ಮುಗಿದುಹೋಗುತ್ತದೆ, ಪ್ಯಾಡ್‌ವರೆಗೆ ತಲುಪುವುದಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಅಪಾಯ.

ಹಾಗಾಗಿ ನಾನು ಶುರು ಮಾಡಿದ್ದು ಆಯಿಲ್‌ನಿಂದ. ಮಾಮೂಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದು ಗಾಳಿಯಲ್ಲಿರುವ ನೀರಿನಂಶವನ್ನು ಎಳೆದುಕೊಳ್ಳುತ್ತಾ ಹೋಗುತ್ತದೆ. ಹಾಗೆ ನೀರು ಸೇರಿದ ಮೇಲಿನ ಲೆಕ್ಕ 155 ಡಿಗ್ರಿ ಅಷ್ಟೇ. ಎರಡು ಮಳೆಗಾಲ ಕಂಡ ಆಯಿಲ್ ಹಾಕಿಕೊಂಡು ಟ್ರ್ಯಾಕ್‌ಗೆ ಹೋಗುವವರು ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ನಾನು ಹಾಕುವುದು ಮೋಟುಲ್ ಆರ್‌ಬಿಎಫ್ 600. ಅದರ ಕುದಿಯುವ ಮಟ್ಟ, ಹೊಸದಾಗಿದ್ದಾಗ, 312 ಡಿಗ್ರಿ. ಡಬ್ಬಿ ಒಡೆದ ಮೇಲೆ ಉಳಿದದ್ದನ್ನು ಎತ್ತಿಡುವುದಿಲ್ಲ.

ಆಯಿಲ್ ಬದಲಾಯಿಸುವುದು ಟಮಕದ ಕಡೆ ಒಂದು ಶೆಡ್ಡಿನಲ್ಲಿ. ಅಲ್ಲಿಯ ಅಣ್ಣ ಟಿಪ್ಪರ್, ಟ್ರ್ಯಾಕ್ಟರ್ ಕೆಲಸ ಮಾಡುವವರು. ಕಲ್ಲು ತುಂಬಿದ ಟಿಪ್ಪರ್ ಇಳಿಜಾರಿನಲ್ಲಿ ಇಳಿದರೆ ಬ್ರೇಕ್ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತೇನೆ. ಅವರು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನಿಪ್ಪಲ್ (ಹಳೆ ಆಯಿಲ್ ಹೊರಬಿಡುವ ಸ್ಕ್ರೂ) ಸಡಿಲ ಬಿಡುತ್ತಾರೆ. ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ, ಹಳೆ ಆಯಿಲ್‌ನಲ್ಲಿ ಮುಳುಗಿರುತ್ತದೆ.

"ಒತ್ತಿ ಸಾರ್. ಹಿಡ್ಕೊಳ್ಳಿ. ಬಿಡಬೇಡಿ, ನಾನು ಹೇಳೋವರೆಗೂ ಬಿಡಬೇಡಿ."

"ಹಿಡ್ದಿದ್ದೀನಿ ಅಣ್ಣ."

"ಹಾಂ, ಟೈಟ್ ಮಾಡ್ದೆ. ಈಗ ಬಿಡಿ."

ಮೊದಲು ಬರುವುದು ಟೀ ಡಿಕಾಕ್ಷನ್ ಬಣ್ಣದ ಆಯಿಲ್. ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ತಿಳಿಯಾದ ಮೇಲೂ ಅಣ್ಣ ನಿಲ್ಲಿಸುವುದಿಲ್ಲ. ಪೈಪನ್ನು ಬೆಳಕಿಗೆ ಹಿಡಿದು, ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಮತ್ತೆ ಒತ್ತಿಸುತ್ತಾರೆ. ನಾಲ್ಕು ಚಕ್ರದ ಕ್ರಮ ಮಾತ್ರ ಕಾರಿನ ಮ್ಯಾನುಯಲ್‌ನಲ್ಲಿ ಇರುವ ಹಾಗೇ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯದ ಹಾಗೆ ಮೇಲೆ ಸುರಿಯುತ್ತಾ ಇರಬೇಕು. ಚೆಲ್ಲಿದರೆ ಪೇಂಟ್ ಹಾಳು, ತಕ್ಷಣ ನೀರು ಹಾಕಿ ತೊಳೆಯಬೇಕು.

ಆಯಿಲ್ ಆದ ಮೇಲೆ ಮುಂದಿನ ಪ್ಯಾಡ್. ನಮ್ಮ ಪೋಲೋದಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದೆಯೂ ಡಿಸ್ಕ್ ಹಾಕಿಸಿ ಅಂತ ಹೇಳುವವರಿದ್ದಾರೆ. ನನಗೆ ಬೇಕಾಗಲಿಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರಗಳೇ. ಜಾಸ್ತಿ ಬಿಸಿ ತಡೆಯುವ ಪ್ಯಾಡ್ ಹಾಕಿ, ಖಾಲಿ ರಸ್ತೆಯಲ್ಲಿ ಹಂತಹಂತವಾಗಿ ಬಿಸಿ ಮಾಡಿ, ಪೂರ್ತಿ ನಿಲ್ಲಿಸದೆ ತಣ್ಣಗಾಗಲು ಬಿಟ್ಟು, ಡಿಸ್ಕ್ ಮೇಲೆ ಒಂದೇ ಸಮನಾದ ಪದರ ಕೂರಿಸಿದೆ. ಈ ಪ್ಯಾಡ್ ಬೆಳಿಗ್ಗೆ ತಣ್ಣಗಿದ್ದಾಗ ಕಚ್ಚುವುದು ಕಡಿಮೆ, ಶಬ್ದವೂ ಮಾಡುತ್ತದೆ. ಅದಕ್ಕೇ ಟ್ರ್ಯಾಕ್ ಮುಗಿದ ಮೇಲೆ ಮತ್ತೆ ಕಂಪನಿ ಪ್ಯಾಡ್ ಹಾಕುತ್ತೇನೆ. ಆಯಿಲ್, ಪ್ಯಾಡ್ ಎರಡೂ ಸೇರಿ ಆದ ಖರ್ಚು ಒಂದು ಒಳ್ಳೆ ಎಕ್ಸಾಸ್ಟ್‌ನ ಅರ್ಧವೂ ಇಲ್ಲ.

ಟೈರ್ ಅಳತೆ 195/55 ಆರ್16, ಕಂಪನಿಯದೇ. ಅಗಲ ಮಾಡಿಲ್ಲ. ಅದೇ ಅಳತೆಯಲ್ಲಿ ಹಿಡಿತ ಜಾಸ್ತಿ ಇರುವ ಟೈರ್ ಹಾಕಿದೆ. ಗಾಳಿ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಸೀಮೆಸುಣ್ಣ ಸಾಕು. ಟೈರಿನ ಹೊರ ಅಂಚಿನಿಂದ ಪಕ್ಕದ ಗೋಡೆಯವರೆಗೆ ಮೂರು ಕಡೆ ಗೆರೆ ಎಳೆದು ಹೊರಡುತ್ತೇನೆ. ವಾಪಸ್ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಮಗುಚಿದೆ ಅಂತ ಅರ್ಥ. ಗೋಡೆಯ ಕಡೆಗೆ ಜಾಸ್ತಿ ಅಳಿಸಿದ್ದರೆ ಗಾಳಿ ಕಡಿಮೆ. ಅಂಚಿನವರೆಗೂ ಬಂದಿಲ್ಲ ಅಂದ್ರೆ ಗಾಳಿ ಜಾಸ್ತಿ. ಟೈರ್ ಬಿಸಿಯಾದಂತೆ ಒತ್ತಡ ಏರುತ್ತದೆ, ಐದಾರು ಡಿಗ್ರಿಗೆ ಹೆಚ್ಚುಕಡಿಮೆ 1 ಪಿಎಸ್‌ಐ. ಬೆಳಿಗ್ಗೆ ಸರಿಯಿದ್ದ ಗಾಳಿ ಚೆನ್ನೈನ ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ. ಪ್ರತಿ ಸೆಷನ್ ಮುಗಿದ ತಕ್ಷಣ, ಬಿಸಿ ಇರುವಾಗಲೇ ನೋಡಿ ಬರೆದಿಡುತ್ತೇನೆ. ಸಾಯಂಕಾಲ ವಾಪಸ್ ಹೊರಡುವ ಮುಂಚೆ ಮತ್ತೆ ರಸ್ತೆಯ ಒತ್ತಡಕ್ಕೆ ತುಂಬಿಸುತ್ತೇನೆ.

ಗಾಳಿ ಎಷ್ಟು ಸರಿ ಮಾಡಿದರೂ ಮುಂದಿನ ಟೈರುಗಳ ಹೊರ ಅಂಚು ಮಾತ್ರ ಬೇಗ ಸವೆಯುತ್ತಿತ್ತು. ಮಧ್ಯ ಚೆನ್ನಾಗಿದೆ, ಒಳಗಡೆ ಹೊಸದರ ಹಾಗಿದೆ, ಹೊರಗಡೆ ಮಾತ್ರ ಪುಡಿಪುಡಿ. ತಿರುವಿನಲ್ಲಿ ಕಾರ್ ಹೊರಕ್ಕೆ ವಾಲಿದಾಗ ಚಕ್ರವೂ ವಾಲುತ್ತದೆ, ಟೈರಿನ ಒಂದು ಅಂಚೇ ಎಲ್ಲ ಭಾರ ಹೊರುತ್ತದೆ. ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಿ ಇದರ ಫಲ ಏನಂದ್ರೆ, ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಹೋಗುತ್ತದೆ. ಪರಿಹಾರ ಕ್ಯಾಂಬರ್: ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸುವುದು. ಕೆಲವು ಕಾರುಗಳಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿದರೆ ಮುಗಿಯಿತು. ಪೋಲೋದಲ್ಲಿ ಆಗಲ್ಲ. ಇದರ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್ ಕಂಬ) ಚಕ್ರ ಕೂರುವ ನಕಲ್ ಅನ್ನುವ ಭಾಗದ ಒಳಗೆ ಕೂತು ಕ್ಲ್ಯಾಂಪ್ ಆಗುತ್ತದೆ, ಎರಡು ಬೋಲ್ಟಿನ ಜೋಡಣೆ ಅಲ್ಲ. ಹಾಗಾಗಿ ಸ್ಟ್ರಟ್‌ನ ಮೇಲ್ತುದಿ ಹಿಡಿಯುವ, ಸರಿಸಿ ಕೂರಿಸಬಹುದಾದ ಟಾಪ್ ಮೌಂಟ್ ತರಿಸಿದೆ. ಎರಡೂ ಕಡೆ ಒಳಕ್ಕೆ 2 ಡಿಗ್ರಿ ಇಟ್ಟಿದ್ದೇನೆ. ಇನ್ನೂ ಜಾಸ್ತಿ ಇಟ್ಟರೆ ಟ್ರ್ಯಾಕ್‌ನಲ್ಲಿ ಚೆನ್ನಾಗಿರಬಹುದು, ದಿನಾ ನರಸಾಪುರಕ್ಕೆ ಓಡಿಸಿದರೆ ಒಳ ಅಂಚು ತಿನ್ನುತ್ತದೆ. ಒಂದು ಎಚ್ಚರಿಕೆ: ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಶೆಡ್ಡಿನಿಂದ ಸೀದಾ ಹೊರಡಬೇಡಿ.

ಇಷ್ಟಾದ ಮೇಲೆ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತುವ ಜಾಗವೇ ಬೇರೆ ಆಯಿತು. ಮೊದಲು ಮೂತಿ ಒಳಕ್ಕೆ ಬರಲಿ ಅಂತ ಕಾಯಬೇಕಿತ್ತು. ಈಗ ಮುಂಚೆಯೇ ಒತ್ತಬಹುದು, ಆ ವೇಗ ಮುಂದಿನ ನೇರ ದಾರಿ ಮುಗಿಯುವವರೆಗೂ ಜೊತೆಗೆ ಬರುತ್ತದೆ. ಇದೇ 110 ಪಿಎಸ್‌ನಿಂದ ಅಲ್ವಾ?

ತೂಕದ ವಿಷಯಕ್ಕೆ ನಮ್ಮೂರಿನ ಅನುಕೂಲ ಒಂದಿದೆ. ಎಪಿಎಂಸಿ ಟೊಮೆಟೊ ಮಾರುಕಟ್ಟೆಯ ಊರಲ್ಲವೇ, ವೇ ಬ್ರಿಡ್ಜ್‌ಗೆ ಬರವಿಲ್ಲ. ಸೀಸನ್ನಿನಲ್ಲಿ ಹೋದರೆ ಕ್ರೇಟ್ ತುಂಬಿದ ಲಾರಿಗಳ ಸಾಲಿನಲ್ಲಿ ನಿಲ್ಲಬೇಕು. ಸೀಸನ್ ಇಲ್ಲದಾಗ, ಮಧ್ಯಾಹ್ನದ ಹೊತ್ತು ಹೋಗುತ್ತೇನೆ. ಮೊದಲು ಪೂರ್ತಿ ಕಾರ್ ಹತ್ತಿಸಿ ತೂಗಿಸುವುದು. ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಮೇಲಿಟ್ಟು, ಹಿಂದಿನವು ಕೆಳಗೆ. ಅದೇ ರೀತಿ ಹಿಂದಿನವು. ಲಾರಿ ಕಾಟಾ 5 ಕೆ.ಜಿ.ಯೋ 10 ಕೆ.ಜಿ.ಯೋ ಲೆಕ್ಕದಲ್ಲಿ ತೋರಿಸುತ್ತದೆ, ಗ್ರಾಂ ಲೆಕ್ಕ ಸಿಗಲ್ಲ. ಭಾರ ಎಲ್ಲಿದೆ ಅಂತ ತಿಳಿಯಲು ಅಷ್ಟು ಸಾಕು. ನೂರಕ್ಕೆ 60 ಭಾಗಕ್ಕೂ ಜಾಸ್ತಿ ಮುಂದೇ ಇದೆ. ಇದನ್ನು ನೋಡಿದ ಮೇಲೆ ಹಿಂದಿನ ಸೀಟು ಕಿತ್ತು ಹಾಕುವ ಯೋಚನೆ ಬಿಟ್ಟೆ. ಮೊದಲೇ ಹಗುರ ಇರುವ ಹಿಂಬದಿಯನ್ನು ಇನ್ನೂ ಹಗುರ ಮಾಡಿದರೆ, ಬ್ರೇಕ್ ಹಾಕುತ್ತಾ ತಿರುಗುವಾಗ ಹಿಂದಿನ ಚಕ್ರ ಬೇಗ ಜಾರುತ್ತದೆ. ಸ್ಟೆಪ್ನಿ, ಜಾಕಿ, ಡಿಕ್ಕಿಯ ಸಾಮಾನು, ಕಾಲ ಕೆಳಗಿನ ಮ್ಯಾಟ್ ಮಾತ್ರ ಪ್ಯಾಡಾಕ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಇಳಿಸುತ್ತೇನೆ. ನೀರಿನ ಬಾಟಲಿ ಒಳಗೆ ಬಿಡಲೇಬೇಡಿ. ಅದು ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋದರೆ ಹೊಸ ಆಯಿಲ್ ಏನೂ ಮಾಡಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿನ ಅವಕಾಶವೂ ಇದೆ. ಟ್ರ್ಯಾಕ್‌ಗೆ ಅದೇ ಕಾರನ್ನು ಓಡಿಸಿಕೊಂಡು ಹೋಗುವವರು ಏನು ಹಾಕಿಸುವ ಮುಂಚೆಯೂ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ. ರೇಸಿಂಗ್, ವೇಗದ ಪರೀಕ್ಷೆ ಇವುಗಳಲ್ಲಿ ಆದ ಹಾನಿಗೆ ಮಾಮೂಲಿ ಪಾಲಿಸಿ ದುಡ್ಡು ಕೊಡುವುದಿಲ್ಲ. ಟ್ರ್ಯಾಕ್‌ನಲ್ಲಿ ತಗಡು ನೆಗ್ಗಿದರೆ ನಮ್ಮದೇ ಕೈಯಿಂದ. ಇನ್ನು ನಂದಿ ಬೆಟ್ಟದ ತಿರುವಿನಲ್ಲೋ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲೋ ಕಾರಿನ ತಾಕತ್ತು ನೋಡುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಬೇಡ. ಅಲ್ಲಿ ಎದುರಿಗೆ ಬೈಕಿನಲ್ಲಿ ಮಗು ಕೂರಿಸಿಕೊಂಡವರು ಬರುತ್ತಾರೆ, ಕುರಿ ದಾಟುತ್ತವೆ.

ಟ್ರ್ಯಾಕ್ ದಿನ ನಾನು ತಪ್ಪಿಸದ ಕೆಲಸಗಳು ಕೆಲವು. ಚಕ್ರದ ಬೋಲ್ಟ್ ಟಾರ್ಕ್ ರೆಂಚ್‌ನಿಂದ 120 ಎನ್‌ಎಂಗೆ ಬಿಗಿ ಮಾಡುವುದು, ತಣ್ಣಗಾದ ಮೇಲೆ ಮತ್ತೆ ನೋಡುವುದು. ಎಂಜಿನ್ ಆಯಿಲ್ ಮಟ್ಟ ಪ್ರತಿ ಸೆಷನ್ ಮುಂಚೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಮೈಮೇಲೆ ಹತ್ತಿ ಬಟ್ಟೆ, ಏಕೆಂದರೆ ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೊನೆಯ ಲ್ಯಾಪ್ ಬ್ರೇಕ್ ಆದಷ್ಟು ಮುಟ್ಟದೆ ನಿಧಾನಕ್ಕೆ ಬಂದು ಗಾಳಿ ಆಡಲು ಬಿಡುತ್ತೇನೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬಿಸಿ ಡ್ರಮ್‌ಗೆ ಬ್ರೇಕ್ ಶೂ ಒತ್ತಿಕೊಂಡು ಕೂರುವುದು ಒಳ್ಳೆಯದಲ್ಲ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಥರ್ಮೋಮೀಟರ್ ಇಟ್ಟುಕೊಂಡಿದ್ದೇನೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದಲ್ಲ. ಫ್ಯಾಕ್ಟರಿಗಳಲ್ಲಿ ಬಳಸುವುದು, 500 ಡಿಗ್ರಿವರೆಗೆ ತೋರಿಸುತ್ತದೆ. ಹೊಳೆಯುವ ಡಿಸ್ಕ್ ಮೇಲೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಯಾವಾಗಲೂ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಮೈಮೇಲಿನ ಅದೇ ಜಾಗ, ಅದೇ ದೂರ. ಸಂಖ್ಯೆಗಿಂತ ಹೋದ ಸಲಕ್ಕೂ ಈ ಸಲಕ್ಕೂ ಇರುವ ವ್ಯತ್ಯಾಸ ಮುಖ್ಯ.

ಇದನ್ನೆಲ್ಲ ಬರೆದಿಡುವ ಪುಸ್ತಕ ನೋಡಿದರೆ ಈಗಲೂ ಕಾರಿನಲ್ಲಿ ಅತಿ ಜಾಸ್ತಿ ಬಿಸಿಯಾಗುವುದು ಮುಂದಿನ ಬಲಗಡೆ ಮತ್ತು ಎಡಗಡೆ ಕ್ಯಾಲಿಪರ್‌ಗಳೇ. ಮುಂದಿನ ಕೆಲಸ ಅದಕ್ಕೇ. ಟ್ರ್ಯಾಕ್‌ನಲ್ಲಿ ಫಾಗ್ ಲ್ಯಾಂಪ್ ಬಿಚ್ಚಿ, ಆ ತೂತಿನಿಂದ ಡಿಸ್ಕ್ ಮಧ್ಯಕ್ಕೆ ಬಿಸಿ ತಡೆಯುವ ಪೈಪಿನಲ್ಲಿ ಗಾಳಿ ಕೊಡಬೇಕು. ಬ್ರ್ಯಾಕೆಟ್‌ಗೆ ರಟ್ಟಿನಲ್ಲಿ ಅಳತೆ ಕತ್ತರಿಸಿ ಕೊಟ್ಟಿದ್ದೇನೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಪೈಪ್ ಟೈರಿಗೆ ತಾಗದ ಹಾಗೆ ಎಲ್ಲಿ ಬಗ್ಗಿಸಬೇಕು ಅಂತ ಅಣ್ಣ ನೋಡುತ್ತಿದ್ದಾರೆ.