ಅರ್ಧ ಸಾಲಿಗೇ ನಿಲ್ಲಿಸಬೇಕು: ಹಿರಿಯರಿಂದ ಬಾಲ್ಯದ ಹಾಡು ಹೇಳಿಸುವ ಬಗೆ

ಹಿರಿಯರ ಗುಂಪಿನಲ್ಲಿ ನಾನು ಹಾಡನ್ನು ಪೂರ್ತಿ ಹೇಳುವುದೇ ಇಲ್ಲ. ‘ಅವಲಕ್ಕಿ ಪವಲಕ್ಕಿ’ ಎಂದು ಸುಮ್ಮನಾಗುತ್ತೇನೆ. ‘ಕಾಂಚನ ಮಿಣಮಿಣ’ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಅರ್ಥವೇ ಇಲ್ಲದ ಪದಗಳು ಇಷ್ಟು ಗಟ್ಟಿಯಾಗಿ ಉಳಿಯುವುದು ಲಯ, ಪ್ರಾಸಗಳ ಬಲದಿಂದ. ‘ರತ್ತೋ ರತ್ತೋ ರಾಯನ ಮಗಳೆ’ ಎಂದಮೇಲೆ ‘ಬಿತ್ತೋ ಬಿತ್ತೋ’ ಬರಲೇಬೇಕು; ಎರಡನೆಯ ಅಕ್ಷರವೇ ಅದನ್ನು ಎಳೆದು ತರುತ್ತದೆ.

8–10 ಜನ, ಮುಕ್ಕಾಲು ಗಂಟೆ, ನಾಲ್ಕು ಹಾಡು ಸಾಕು. ನೆಲದಲ್ಲಿ ಕೂರಲಾಗದವರೇ ಹೆಚ್ಚಾದ್ದರಿಂದ ನಡುವೆ ಮೇಜು ಬೇಕು. ಎಲ್ಲರೂ ಅಂಗೈ ಕೆಳಗೆ ಮಾಡಿ ಕೈ ಇಡುತ್ತಾರೆ, ಒಬ್ಬರು ಪದಕ್ಕೊಂದರಂತೆ ಕೈ ಮುಟ್ಟುತ್ತಾ ಹೋಗುತ್ತಾರೆ. ಬರೀ ಬಾಯಲ್ಲಿ ಹೇಳುವಾಗ ಮಧ್ಯದಲ್ಲೇ ತಡವರಿಸಿದವರು ಕೈ ಆಡಿದ ಕೂಡಲೇ ಕೊನೆತನಕ ಹೇಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಸಾಹಿತ್ಯದ ಹಾಳೆ ಮೊದಲೇ ಹಂಚಬಾರದು. ಕನ್ನಡಕ ಹುಡುಕಿ ಓದಲು ತೊಡಗುತ್ತಾರೆ, ನೆನಪಿಸಿಕೊಳ್ಳುವುದು ಅಲ್ಲಿಗೇ ನಿಲ್ಲುತ್ತದೆ. ಕೊಡುವುದಿದ್ದರೆ ಕೊನೆಗೆ, 24 ಪಾಯಿಂಟ್ ಅಕ್ಷರದಲ್ಲಿ. ಶ್ರುತಿಯನ್ನೂ ತಗ್ಗಿನಲ್ಲೇ ಹಿಡಿಯಬೇಕು. ವಯಸ್ಸಾದಂತೆ ಹೆಂಗಸರ ದನಿ ಇಳಿಯುತ್ತದೆ. ಮಕ್ಕಳಿಗೆ ಹೇಳಿಕೊಡುವ ಶ್ರುತಿಯಲ್ಲಿ ಶುರುಮಾಡಿದರೆ ಅವರು ಬಾಯಿ ಮುಚ್ಚಿಬಿಡುತ್ತಾರೆ.

ನನ್ನ ಮಟ್ಟಿಗೆ ಇಡೀ ಕೂಟದ ಸಾರವಿರುವುದು ಪಾಠಾಂತರದ, ಅಂದರೆ ಒಂದೇ ಹಾಡನ್ನು ಬೇರೆ ಬೇರೆ ಬಗೆಯಲ್ಲಿ ಹೇಳುವುದರ, ಜಗಳದಲ್ಲಿ. ಒಬ್ಬರು ‘ಟಸ್ ಪುಸ್’ ಎಂದರೆ ಇನ್ನೊಬ್ಬರು ‘ಡಸ್ ಪುಸ್’ ಎನ್ನುತ್ತಾರೆ. ಯಾವುದು ಸರಿ ಎಂದು ತೀರ್ಪು ಕೊಟ್ಟರೆ ಸೋತವರು ಮತ್ತೆ ಮಾತಾಡುವುದಿಲ್ಲ. ‘ನಿಮ್ಮ ಕಡೆ ಎಲ್ಲಿ ಕೂತು ಆಡುತ್ತಿದ್ದಿರಿ?’ ಎಂದು ಇಬ್ಬರನ್ನೂ ಕೇಳಬೇಕು. ಜಗಲಿ, ಪಡಸಾಲೆ, ಗುಡಿಯ ಕಟ್ಟೆ ಒಂದೊಂದಾಗಿ ಹೊರಬರುತ್ತವೆ. ‘ಬಾಲ್ಯ ನೆನಪಾಯಿತೇ?’ ಎಂಬ ಪ್ರಶ್ನೆಗೆ ಸಿಗುವುದು ‘ಹೌದು, ಚೆನ್ನಾಗಿತ್ತು’ ಅಷ್ಟೇ. ‘ಕಣ್ಣಾಮುಚ್ಚೆ ಕಾಡೇ ಗೂಡೇ’ ಆದಮೇಲೆ ‘ಕಣ್ಣು ಮುಚ್ಚುತ್ತಿದ್ದವರು ಯಾರು?’ ಎಂದು ಕೇಳಿ; ‘ಅಜ್ಜಿಯೇ ಅಲ್ಲವೇ?’ ಎಂದು ಉತ್ತರವನ್ನು ನೀವೇ ಬಾಯಿಗೆ ಇಡಬೇಡಿ. ಒಪ್ಪಿಕೊಂಡುಬಿಡುತ್ತಾರೆ, ಆಮೇಲೆ ಅದೇ ಅವರ ನೆನಪಾಗಿ ಉಳಿಯಬಹುದು.

ಪಂಜೆ ಮಂಗೇಶರಾಯರ ‘ನಾಗರ ಹಾವೆ’ಯಂಥ ಪಠ್ಯದ ಹಾಡುಗಳ ದಾರಿಯೇ ಬೇರೆ. ಅಚ್ಚಾದ ಸಾಲಾದ್ದರಿಂದ ಜಗಳ ಕಡಿಮೆ. ನೆನಪೂ ಬೀದಿಗಿಂತ ತರಗತಿಯ ಕಡೆಗೆ, ಸ್ಲೇಟು ಬಳಪದ ಕಡೆಗೆ ಹೋಗುತ್ತದೆ. ಬೇರೆ ಬೇರೆ ಜಿಲ್ಲೆಯವರೂ ಒಟ್ಟಿಗೆ ಹಾಡಬಲ್ಲರು, ಹಾಗಾಗಿ ಅವನ್ನು ಕೊನೆಗಿಡುತ್ತೇನೆ.

ಯಾರಾದರೂ ಅತ್ತರೆ ಮುಂದಿನ ಹಾಡು ಎತ್ತಿಕೊಳ್ಳಬೇಡಿ. ಜೊತೆಗೆ ಆಡಿದ ತಂಗಿಯೋ ಅಣ್ಣನೋ ಈಗ ಇಲ್ಲದಿರಬಹುದು. ನೀರು ಕೊಟ್ಟು, ಪಕ್ಕದವರು ಮಾತಾಡಿಸುವವರೆಗೆ ಕಾಯಿರಿ.

ದಾಖಲಿಸುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಕೈ ತಟ್ಟಿದ ಸದ್ದೇ ಹಾಡನ್ನು ನುಂಗುತ್ತದೆ. ಹಾಡಿನ ಪ್ರತಿ ಪಾಠಾಂತರದ ಜೊತೆ ಹೇಳಿದವರು ಬೆಳೆದ ಊರು, ಹುಟ್ಟಿದ ಅಂದಾಜು ವರ್ಷ, ಆಟದ ಹೆಸರು ಅಂದೇ ಬರೆದಿಡಬೇಕು.