ವೈಪರ್ ಬ್ಲೇಡ್: ಅಳತೆ ನೋಡಿ ಕೊಳ್ಳಿ, ನೀವೇ ಹಾಕಿ

ವೈಪರ್ ಬ್ಲೇಡ್‌ನ ಆಯಸ್ಸು ತಿನ್ನುವುದರಲ್ಲಿ ಮಳೆಗಿಂತ ಬಿಸಿಲಿನ ಪಾಲೇ ಜಾಸ್ತಿ. ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಗಾಜಿನ ಮೇಲೆ ಸುಮ್ನೆ ಬಿದ್ದಿರುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಗಾಜು, ಜೊತೆಗೆ ಗಾಳಿಯಲ್ಲಿರುವ ಓಝೋನ್. ಮೂರೂ ಸೇರಿ ರಬ್ಬರನ್ನು ಬಿರುಸು ಮಾಡುತ್ತವೆ. ನಾವು ಸ್ವಿಚ್ ಮುಟ್ಟುವುದು ಮೊದಲ ಜೋರು ಮಳೆ ಬಂದಾಗ. ಆಗ ನೋಡಿದರೆ ನೀರು ಹೋಗುವುದಿಲ್ಲ, ಗಾಜಿಗೆ ಬಳಿದ ಹಾಗಾಗುತ್ತದೆ. ಎದುರು ಬರುವ ಗಾಡಿಯ ಹೆಡ್‌ಲೈಟ್ ಗಾಜಿನ ತುಂಬ ಹರಡುತ್ತದೆ. ಮರುದಿನವೇ ಓಡಿಹೋಗಿ ಕೈಗೆ ಸಿಕ್ಕಿದ್ದನ್ನು ತಂದು ಹಾಕುತ್ತೇವೆ. ನಾಲ್ಕು ದಿನದಲ್ಲಿ ಹೊಸದೂ ಕಿರುಗುಡುತ್ತದೆ.

ಹೊಸದು ಕಿರುಗುಟ್ಟಿದರೆ ತಪ್ಪು ಬ್ಲೇಡ್‌ನದ್ದೇ ಆಗಬೇಕಿಲ್ಲ. ಗಾಜಿನ ಮೇಲೆ ಎಣ್ಣೆಯ ಪೊರೆ ಇರಬಹುದು, ಕೊಂಡ ಉದ್ದ ತಪ್ಪಿರಬಹುದು, ಕ್ಲಿಪ್ ಕೊಕ್ಕೆಗೆ ಪೂರ್ತಿ ಕೂತಿಲ್ಲದೆ ಇರಬಹುದು. ಅದಕ್ಕೇ ಮೊದಲು ನೋಡಿ, ಆಮೇಲೆ ತೊಳೆಯಿರಿ, ಆಮೇಲೆ ಅಳೆಯಿರಿ. ಕೊಳ್ಳುವುದು ಕೊನೆಗೆ.

ರಬ್ಬರಿನ ಅಂಚಲ್ಲಿ ಏನಿದೆ?

ಗಾಡಿ ನಿಲ್ಲಿಸಿ, ವೈಪರ್ ತೋಳನ್ನು ಮೆಲ್ಲಗೆ ಎತ್ತಿ, ಬ್ಲೇಡನ್ನು ತುದಿಯ ಕಡೆಯಿಂದ ನೋಡಿ. ರಬ್ಬರಿನ ಮೇಲ್ಭಾಗ ದಪ್ಪ, ಅದು ಪಟ್ಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಅದರ ಕೆಳಗೆ ಸಣ್ಣ ಕತ್ತು. ಕತ್ತಿನ ಕೆಳಗೆ ಚೂಪಾಗುತ್ತಾ ಬರುವ ತುಟಿ. ಗಾಜಿಗೆ ತಾಗುವುದು ಆ ತುಟಿಯ ಅಂಚು ಮಾತ್ರ, ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಬ್ಲೇಡ್ ಬಲಕ್ಕೆ ಹೋಗುವಾಗ ತುಟಿ ಎಡಕ್ಕೆ ವಾಲುತ್ತದೆ, ಎಡಕ್ಕೆ ಬರುವಾಗ ಬಲಕ್ಕೆ. ಪ್ರತಿ ತಿರುವಿನಲ್ಲೂ ಆ ಕತ್ತು ಮಗುಚಿಕೊಳ್ಳಬೇಕು. ಹಾಗೆ ವಾಲಿದಾಗಲೇ ಅಂಚಿನ ಒಂದು ಚೂಪು ಮೂಲೆ ಗಾಜಿಗೆ ಕೂತು ನೀರನ್ನು ಕೆರೆದು ತೆಗೆಯುವುದು.

ಕತ್ತು ಬಿರುಸಾದರೆ ತುಟಿ ಮಗುಚುವುದಿಲ್ಲ. ನೆಲದ ನೀರು ಎಳೆಯುವ ರಬ್ಬರ್ ಕೋಲನ್ನು ಎಳೆಯದೆ ಮುಂದಕ್ಕೆ ದೂಡಿದರೆ ಹೇಗೆ ಕುಪ್ಪಳಿಸುತ್ತದೋ, ಬ್ಲೇಡ್ ಕೂಡ ಹಾಗೇ ಟಕ ಟಕ ಎಂದು ಹಾರುತ್ತದೆ. ಹೋಗುವಾಗ ಸದ್ದಿಲ್ಲ, ಬರುವಾಗ ಮಾತ್ರ ಸದ್ದು ಅಂದರೆ ಕಾರಣ ಎರಡೇ. ಒಂದೋ ಕತ್ತು ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದೆ, ಇಲ್ಲವೇ ವೈಪರ್ ತೋಳೇ ಸ್ವಲ್ಪ ತಿರುಚಿಕೊಂಡಿದೆ.

1903ರಲ್ಲಿ ಅಮೆರಿಕದ ಮೇರಿ ಆ್ಯಂಡರ್ಸನ್ ಪೇಟೆಂಟ್ ಪಡೆದ ಸಾಧನವೂ ಇದೇ ಕೆಲಸ ಮಾಡುತ್ತಿತ್ತು. ಚಾಲಕ ಒಳಗೆ ಕೂತು ಹಿಡಿಕೆ ಆಡಿಸಬೇಕಿತ್ತು ಅಷ್ಟೇ. ಆಮೇಲೆ ಮೋಟಾರ್ ಬಂತು, ಸೆನ್ಸರ್ ಬಂತು. ಗಾಜಿಗೆ ರಬ್ಬರ್ ಒತ್ತಿ ಎಳೆಯುವುದು ಮಾತ್ರ ಬದಲಾಗಲಿಲ್ಲ.

ಗಾಜಿನ ಮೇಲೆ ಉಳಿಯುವ ಗುರುತು ನೋಡಿಯೇ ರೋಗ ಹೇಳಬಹುದು. ಪ್ರತಿ ಸಲ ಒಂದೇ ಜಾಗದಲ್ಲಿ ತೆಳ್ಳನೆಯ ನೀರಿನ ಗೆರೆ ಉಳಿದರೆ ಅಂಚಿನಲ್ಲಿ ಕಚ್ಚು ಬಿದ್ದಿದೆ, ಅಥವಾ ಮರಳಿನ ಕಣ, ಎಲೆಯ ಚೂರು ಅಂಟಿಕೊಂಡಿದೆ. ಅಂಗೈಯಗಲದ ಜಾಗ ಒರೆಸದೇ ಬಿಟ್ಟರೆ ಅಲ್ಲಿಗೆ ಒತ್ತಡ ಸಿಗುತ್ತಿಲ್ಲ, ಫ್ರೇಮ್ ಬಾಗಿರಬಹುದು ಅಥವಾ ತೋಳಿನ ಸ್ಪ್ರಿಂಗ್ ಸೋತಿರಬಹುದು. ಬ್ಲೇಡ್ ಹಾದುಹೋದ ಮೇಲೆ ಹಾಲಿನಂಥ ಮಬ್ಬು ಬಂದು ಕ್ಷಣದಲ್ಲೇ ಆರಿದರೆ ಹೆಚ್ಚಾಗಿ ತಪ್ಪು ಗಾಜಿನ ಜಿಡ್ಡಿನದು. ರಬ್ಬರ್ ಹರಿದು ಜೋತಾಡುತ್ತಿದ್ದರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ. ಲೋಹ ಗಾಜಿಗೆ ತಾಗಿ ಕಮಾನಿನಂತೆ ಗೀರು ಬಿದ್ದರೆ ಎಷ್ಟು ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ರಾತ್ರಿ ಎದುರಿನ ಬೆಳಕು ಬಿದ್ದಾಗಲೆಲ್ಲ ಅದು ಹೊಳೆಯುತ್ತದೆ.

ದುಡ್ಡು ಕೊಡುವ ಮೊದಲು ತೊಳೆಯಿರಿ

ಗಾಜಿನ ಮೇಲೆ ನೀರು ಸುರಿಯಿರಿ. ನೀರು ಸಮನಾಗಿ ಹರಡಿ ಇಳಿದರೆ ಗಾಜು ಚೊಕ್ಕ. ಅಲ್ಲಲ್ಲಿ ಮಾತ್ರ ಹನಿಗಟ್ಟಿ ನಿಂತರೆ ಅಲ್ಲಿ ವ್ಯಾಕ್ಸ್, ಎಣ್ಣೆ, ಹೊಗೆಯ ಜಿಡ್ಡು ಅಥವಾ ಮರದ ಅಂಟು ಇದೆ. ಗಾಜು ತೊಳೆಯುವ ದ್ರಾವಣ ಹಾಕಿ ಚೆನ್ನಾಗಿ ಉಜ್ಜಿ, ಎರಡು ಸಲ ಬರೀ ನೀರಿನಲ್ಲಿ ತೊಳೆಯಿರಿ. ಸೋಪಿನ ನೊರೆ ಉಳಿದರೆ ಅದೇ ಹೊಸ ಮಬ್ಬು.

ಆಮೇಲೆ ರಬ್ಬರ್. ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಮೊದಲ ಎಳೆತಕ್ಕೆ ಬಟ್ಟೆ ಕಪ್ಪಗಾಗುತ್ತದೆ. ಕಪ್ಪು ಕಡಿಮೆಯಾಗುವವರೆಗೂ ಬಟ್ಟೆಯ ಜಾಗ ಬದಲಿಸಿ ಎಳೆಯುತ್ತಿರಿ. ಪೆಟ್ರೋಲು, ಸೀಮೆಎಣ್ಣೆ, ಗ್ರೀಸು ಯಾವುದನ್ನೂ ಹಚ್ಚಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ಹೊಸದರ ಹಾಗೆ ಆಗುತ್ತದೆ ಎಂಬ ಸಲಹೆ ಓಡಾಡುತ್ತಿರುತ್ತದೆ. ನಂಬಬೇಡಿ. ನೀರು ತೆಗೆಯುವುದೇ ಅಂಚಿನ ಚೂಪು, ಅದನ್ನು ಉಜ್ಜಿ ಗುಂಡಗೆ ಮಾಡಿದರೆ ಏನು ಉಳಿಯಿತು? ಕೆಲವು ಬ್ಲೇಡ್‌ಗಳಿಗೆ ಸಲೀಸಾಗಿ ಜಾರಲಿ ಎಂದು ಗ್ರಾಫೈಟ್ ಲೇಪನ ಇರುತ್ತದೆ. ಅದೂ ಹೋಗುತ್ತದೆ.

ತೊಳೆದ ಮೇಲೆ ನೀರು ಹಾಕಿ ಒಮ್ಮೆ ವೈಪರ್ ಓಡಿಸಿ. ಸರಿಹೋಯಿತಾ? ಹಾಗಾದರೆ ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಸರಿಹೋಗದಿದ್ದರೆ ಟೇಪು ತನ್ನಿ.

ಉದ್ದ, ಕೊಕ್ಕೆ, ಆಮೇಲೆ ಉಳಿದದ್ದು

ಎರಡೂ ಕಡೆಯ ಬ್ಲೇಡ್ ಒಂದೇ ಉದ್ದ ಇರುತ್ತದೆ ಎಂದುಕೊಳ್ಳಬೇಡಿ. ಬಹಳಷ್ಟು ಕಾರುಗಳಲ್ಲಿ ಚಾಲಕನ ಕಡೆಯದು ಉದ್ದ, ಪಕ್ಕದ್ದು ಗಿಡ್ಡ. ಒಂದು 24 ಇಂಚು, ಇನ್ನೊಂದು 16 ಇಂಚು ಇರುವುದು ವಿಶೇಷವೇನಲ್ಲ. ರಬ್ಬರಿನ ತುದಿಯಿಂದ ತುದಿಗೆ ಅಳೆಯಿರಿ. ಪೊಟ್ಟಣದ ಮೇಲೆ ಕೆಲವರು ಇಂಚು ಬರೆಯುತ್ತಾರೆ, ಕೆಲವರು ಮಿಲಿಮೀಟರ್. 24 ಇಂಚಿನದಕ್ಕೆ 600, 16ಕ್ಕೆ 400 ಎಂದಿರುತ್ತದೆ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಅಳತೆ ಇದ್ದರೆ ಅದನ್ನೂ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಇದು ಇನ್ನೂ ಮುಖ್ಯ. ಈಗ ಅದರಲ್ಲಿರುವ ಬ್ಲೇಡೇ ತಪ್ಪು ಅಳತೆಯದ್ದಾಗಿರಬಹುದಲ್ವಾ?

ಒಂದು ಇಂಚು ಗಿಡ್ಡವಾದರೆ ನಡೆಯುತ್ತದೆ, ಅಂಚಿನಲ್ಲಿ ಸ್ವಲ್ಪ ಜಾಗ ಒರೆಸದೇ ಉಳಿಯುತ್ತದೆ ಅಷ್ಟೇ. ಉದ್ದವಾದರೆ ನಡೆಯುವುದಿಲ್ಲ. ಒಂದು ಬ್ಲೇಡ್ ಇನ್ನೊಂದಕ್ಕೆ ಬಡಿಯುತ್ತದೆ, ಇಲ್ಲವೇ ಗಾಜಿನ ಪಕ್ಕದ ಕಂಬಕ್ಕೆ ಹೊಡೆಯುತ್ತದೆ. ಮೋಟಾರಿಗೂ ಭಾರ.

ಉದ್ದಕ್ಕಿಂತ ಜಾಸ್ತಿ ಎಡವುವುದು ಕೊಕ್ಕೆಯಲ್ಲಿ. ತೋಳಿನ ತುದಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ್ದರೆ ಅದು ಎಲ್ಲಕ್ಕಿಂತ ಸಾಮಾನ್ಯ ನಮೂನೆ. ಇದರಲ್ಲೂ ಒಂದು ಸೂಕ್ಷ್ಮವಿದೆ. 9 ಮಿ.ಮೀ. ಅಗಲದ ಕೊಕ್ಕೆಯಲ್ಲೇ ಲೋಹದ ದಪ್ಪ 3 ಮಿ.ಮೀ. ಇರುವುದೂ ಇದೆ, 4 ಮಿ.ಮೀ. ಇರುವುದೂ ಇದೆ. ದಪ್ಪನೆಯದಕ್ಕೆ ಮಾಡಿದ ಕ್ಲಿಪ್ಪನ್ನು ತೆಳ್ಳನೆಯದಕ್ಕೆ ಸಿಕ್ಕಿಸಿದರೆ ಬ್ಲೇಡ್ ಅಲುಗಾಡುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಪಕ್ಕದಿಂದ ತೂರಿಸುವ ಪಿನ್ನು, ಎರಡು ಕಡೆ ಅದುಮುವ ಕ್ಲಿಪ್, ಮೇಲೆ ಒತ್ತುವ ಗುಂಡಿ ಇರುತ್ತದೆ. ಇವುಗಳ ಹೆಸರು ನೆನಪಿಟ್ಟುಕೊಳ್ಳುವ ಗೋಜು ಬೇಡ. ತೋಳು ಮತ್ತು ಬ್ಲೇಡ್ ಸೇರುವ ಜಾಗದ ಫೋಟೋವನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ಎಲ್ಲಕ್ಕೂ ಹೊಂದುತ್ತದೆ ಎಂದು ಬರೆದ ಪೊಟ್ಟಣದಲ್ಲಿ ನಾಲ್ಕಾರು ಅಡಾಪ್ಟರ್ ಇರುತ್ತವೆ. ನಿಮ್ಮ ಕೊಕ್ಕೆಗೆ ಬೇಕಾದದ್ದು ಅದರಲ್ಲಿ ಇದೆಯಾ ಎಂದು ಅಂಗಡಿಯಲ್ಲೇ ನೋಡಿ.

ನಮೂನೆಯ ವಿಷಯಕ್ಕೆ ಬಂದರೆ, ಹಳೆಯದು ಲೋಹದ ಫ್ರೇಮಿನದು. ಫ್ರೇಮ್ ರಬ್ಬರನ್ನು ಕೆಲವು ಕಡೆ ಹಿಡಿದು ಒತ್ತುತ್ತದೆ. ಬೆಲೆ ಕಡಿಮೆ, ಆದರೆ ಕೀಲುಗಳಲ್ಲಿ ಧೂಳು ಕೂರುತ್ತದೆ, ತುಕ್ಕು ಹಿಡಿಯುತ್ತದೆ. ಫ್ಲ್ಯಾಟ್ ಬ್ಲೇಡ್‌ಗೆ ಫ್ರೇಮ್ ಇಲ್ಲ. ಒಳಗಿರುವ ಬಾಗಿದ ಉಕ್ಕಿನ ಪಟ್ಟಿಯೇ ಉದ್ದಕ್ಕೂ ಸಮನಾಗಿ ಒತ್ತುತ್ತದೆ, ವೇಗದಲ್ಲಿ ಗಾಳಿಗೆ ಅಷ್ಟಾಗಿ ಎದ್ದೇಳುವುದಿಲ್ಲ. ಆದರೆ ಪಟ್ಟಿಯ ಬಾಗು ಗಾಜಿನ ಬಾಗಿಗೆ ಹೊಂದಬೇಕು. ಹೊಂದದಿದ್ದರೆ ದುಬಾರಿ ಬ್ಲೇಡ್ ಕೂಡ ಎರಡೂ ತುದಿಯಲ್ಲಿ ಗಾಜು ಬಿಟ್ಟು ನಿಲ್ಲುತ್ತದೆ. ಹೈಬ್ರಿಡ್ ಅಂದರೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಫ್ರೇಮ್. ನನ್ನ ಮಾತು ಕೇಳುವುದಾದರೆ, ಗಾಡಿ ಹೊಸದಾಗಿದ್ದಾಗ ಯಾವ ನಮೂನೆ ಇತ್ತೋ ಅದನ್ನೇ ಹಾಕಿ. ಸಿಲಿಕೋನ್ ಬ್ಲೇಡ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಜಾಸ್ತಿ ದಿನ ಬರುತ್ತದೆ, ನಿಜ. ಆದರೆ ಗಾಜು ಸ್ವಲ್ಪ ಕೊಳೆಯಿದ್ದರೂ ರಗಳೆ ಮಾಡುತ್ತದೆ. ವಾರಕ್ಕೊಮ್ಮೆ ಗಾಜು ತೊಳೆಯುವವರಿಗೆ ಅದು ಸರಿ.

ಫ್ರೇಮ್ ಗಟ್ಟಿಯಾಗಿದ್ದು ರಬ್ಬರ್ ಮಾತ್ರ ಹೋಗಿದ್ದರೆ ಬರೀ ರಬ್ಬರ್ ಪಟ್ಟಿ ಬದಲಿಸಿದರೂ ಸಾಕು. ಒಂದು ತುದಿಯಲ್ಲಿ ರಬ್ಬರ್ ಕಚ್ಚಿಕೊಂಡಿರುತ್ತದೆ, ಅಲ್ಲಿ ಬಿಡಿಸಿ ಎಳೆದರೆ ಬರುತ್ತದೆ. ರಬ್ಬರಿನ ಎರಡು ಪಕ್ಕದಲ್ಲಿರುವ ತೆಳ್ಳನೆಯ ಲೋಹದ ಪಟ್ಟಿಗಳನ್ನು ಎಸೆಯಬೇಡಿ. ಅವು ಯಾವ ಕಡೆಗೆ ಬಾಗಿದ್ದವು ಎಂದು ನೋಡಿಕೊಂಡು ಹಾಗೇ ಹೊಸ ರಬ್ಬರಿಗೆ ತೂರಿಸಬೇಕು. ಉದ್ದ ಹೆಚ್ಚಾದರೆ ಕಚ್ಚಿಕೊಳ್ಳುವ ತುದಿ ಬಿಟ್ಟು ಇನ್ನೊಂದು ತುದಿಯಲ್ಲಿ ಕತ್ತರಿಸಿ.

ರಬ್ಬರ್ ಪೊಟ್ಟಣದೊಳಗೂ ಹಳತಾಗುತ್ತದೆ. ತಯಾರಿಸಿದ ದಿನಾಂಕ ಇದ್ದರೆ ಓದಿ.

ಕಳಚುವುದು, ಹಾಕುವುದು

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೆಲವು ಗಾಡಿಗಳಲ್ಲಿ ವೈಪರ್ ಬಾನೆಟ್ಟಿನ ಅಂಚಿನೊಳಗೆ ಅಡಗಿರುತ್ತದೆ. ಅದನ್ನು ಹಾಗೇ ಎತ್ತಲು ಹೋದರೆ ಬಾನೆಟ್ಟಿನ ಬಣ್ಣ ಕಿತ್ತುಬರುತ್ತದೆ. ಅಂಥ ಗಾಡಿಗಳಿಗೆ ಸರ್ವಿಸ್ ಪೊಸಿಶನ್ ಎಂದಿರುತ್ತದೆ, ತೋಳುಗಳು ಗಾಜಿನ ಮಧ್ಯಕ್ಕೆ ಬಂದು ನಿಲ್ಲುತ್ತವೆ. ಅದಕ್ಕೆ ಏನು ಒತ್ತಬೇಕು ಎಂಬುದು ಕೈಪಿಡಿಯಲ್ಲಿದೆ.

ಈಗ ಒಂದು ದಪ್ಪ ಟವೆಲನ್ನು ಮಡಚಿ ಗಾಜಿನ ಮೇಲೆ ಹಾಸಿ. ಇದನ್ನು ಬಿಡುವ ಹಾಗೇ ಇಲ್ಲ. ಬ್ಲೇಡ್ ಕಳಚಿದ ಮೇಲೆ ತೋಳಿನ ತುದಿ ಬರೀ ಲೋಹ, ಅದರ ಹಿಂದೆ ಬಿಗಿಯಾದ ಸ್ಪ್ರಿಂಗ್. ಕೈ ಜಾರಿ ಪಟ್ ಎಂದು ಬಿದ್ದರೆ ಗಾಜೇ ಸೀಳಬಹುದು. ಉಳಿಸಲು ಹೊರಟದ್ದು ಸಣ್ಣ ಖರ್ಚು, ಬಂದು ಕೂರುವುದು ಗಾಜಿನ ಖರ್ಚು.

ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದು. ಹೇಗಿತ್ತು ಎಂದು ಮರೆತರೆ ನೋಡಿಕೊಳ್ಳಲು ಪಕ್ಕದ್ದು ಇರುತ್ತದೆ.

ಯು ಕೊಕ್ಕೆಯಾದರೆ ತೋಳನ್ನು ಪೂರ್ತಿ ಎತ್ತಿ, ಬ್ಲೇಡನ್ನು ತೋಳಿಗೆ ಅಡ್ಡವಾಗಿ ತಿರುಗಿಸಿ. ನಡುವೆ ಸಣ್ಣ ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಅದನ್ನು ಒತ್ತಿ ಹಿಡಿದು ಬ್ಲೇಡನ್ನು ತೋಳಿನ ಬುಡದ ಕಡೆಗೆ ಎಳೆಯಿರಿ. ಹೊರಗೆ ಎಳೆಯುವುದಲ್ಲ, ಬುಡದ ಕಡೆಗೆ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಆಮೇಲೆ ಇಕ್ಕಳ ತಂದು ನಾಲಿಗೆ ಮುರಿಯುತ್ತಾರೆ. ಕೊಕ್ಕೆಯಿಂದ ಬಿಟ್ಟ ಮೇಲೆ ಬ್ಲೇಡಿನ ಕಿಂಡಿಯಿಂದ ತೋಳನ್ನು ಹೊರಗೆ ತೆಗೆಯಿರಿ. ಹೊಸದಕ್ಕೆ ಇದೇ ತಿರುವುಮುರುವು: ಕೊಕ್ಕೆಯನ್ನು ಕಿಂಡಿಯಲ್ಲಿ ತೂರಿಸಿ, ಬ್ಲೇಡನ್ನು ತೋಳಿನ ತುದಿಯ ಕಡೆಗೆ ಎಳೆಯಿರಿ. ಟಕ್ ಎನ್ನಬೇಕು. ಟಕ್ ಎಂದ ಮೇಲೂ ಒಮ್ಮೆ ಜಗ್ಗಿ ನೋಡಿ. ಸದ್ದು ಬರದಿದ್ದರೆ ಕೂತಿಲ್ಲ ಎಂದೇ ಅರ್ಥ, ಜೋರು ಮಳೆಯಲ್ಲಿ ಹಾರಿಹೋಗುವುದು ಇಂಥದ್ದೇ. ಗುಂಡಿಯ ನಮೂನೆಯಾದರೆ ಗುಂಡಿ ಒತ್ತಿ ಬ್ಲೇಡನ್ನು ತೋಳಿನ ನೇರಕ್ಕೆ ಎಳೆದರೆ ಬರುತ್ತದೆ, ಪಿನ್ನಿನದಾದರೆ ಪಕ್ಕಕ್ಕೆ.

ಹೊಸ ರಬ್ಬರಿನ ಅಂಚಿಗೆ ಪ್ಲಾಸ್ಟಿಕ್ ಕವಚ ಇರುತ್ತದೆ. ಅದನ್ನು ತೆಗೆಯದೇ ಓಡಿಸಿ, ಬ್ಲೇಡ್ ಸರಿಯಿಲ್ಲ ಎಂದು ಅಂಗಡಿಗೆ ವಾಪಸ್ ತರುವವರೂ ಇದ್ದಾರಂತೆ. ಗಾಳಿ ತಡೆಯುವ ರೆಕ್ಕೆ ಇರುವ ಬ್ಲೇಡಾದರೆ ಅದರ ಇಳಿಜಾರು ಬಾನೆಟ್ಟಿನ ಕಡೆಗಿರಬೇಕು, ಎದುರುಗಾಳಿ ಬ್ಲೇಡನ್ನು ಗಾಜಿಗೆ ಒತ್ತುವುದು ಆಗಲೇ. ತೋಳನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಇಳಿಸಿ, ಟವೆಲ್ ತೆಗೆಯಿರಿ.

ಒಣಗಾಜಿನ ಮೇಲೆ ಓಡಿಸಬೇಡಿ. ನೀರು ಚಿಮ್ಮಿಸಿ ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ ಓಡಿಸಿ ನೋಡಿ. ಬ್ಲೇಡ್ ಎಲ್ಲಾದರೂ ಬಡಿಯುತ್ತದಾ, ಎರಡೂ ಕಡೆಗೆ ಸದ್ದಿಲ್ಲದೆ ಹೋಗುತ್ತದಾ ಗಮನಿಸಿ. ಹೊಸ ಬ್ಲೇಡೂ ಒಂದೇ ಕಡೆಗೆ ಕುಪ್ಪಳಿಸಿದರೆ, ವೈಪರ್ ಗಾಜಿನ ನಡುವೆ ಇದ್ದಾಗ ಕೀ ಆಫ್ ಮಾಡಿ ತುದಿಯಿಂದ ನೋಡಿ. ಬ್ಲೇಡ್ ಗಾಜಿಗೆ ನೆಟ್ಟಗೆ ನಿಂತಿರಬೇಕು. ಒಂದು ಕಡೆ ವಾಲಿದ್ದರೆ ತೋಳು ತಿರುಚಿದೆ. ಅದನ್ನು ಮೆಕ್ಯಾನಿಕ್‌ಗೆ ಬಿಡಿ, ಅಂದಾಜಿನ ಮೇಲೆ ಬಗ್ಗಿಸಿದರೆ ಇನ್ನೊಂದು ಕಡೆ ಕೆಡುತ್ತದೆ.

ಹಾಕಿದ ಮೇಲೆ

ಆರು ತಿಂಗಳಿಂದ ಒಂದು ವರ್ಷ, ಸಾಮಾನ್ಯ ಬ್ಲೇಡಿಗೆ ಅಷ್ಟೇ ಆಯಸ್ಸು. ಧೂಳು ಕೂತ ಗಾಜನ್ನು ನೀರು ಹಾಕದೆ ವೈಪರಿನಲ್ಲಿ ಒರೆಸಿದರೆ ಇನ್ನೂ ಬೇಗ ಹೋಗುತ್ತದೆ. ಹಿಮ ಬೀಳುವ ಊರಾದರೆ ಗಾಜಿನ ಮಂಜುಗಡ್ಡೆಯನ್ನು ಬ್ಲೇಡಿನಿಂದ ಕೆರೆಯಬೇಡಿ. ವೈಪರ್ ಆಫ್ ಮಾಡಿಯೇ ಗಾಡಿ ಆಫ್ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಗಾಜಿಗೆ ಹೆಪ್ಪುಗಟ್ಟಿದ ಬ್ಲೇಡನ್ನು ಮೋಟಾರ್ ಎಳೆಯುತ್ತದೆ, ರಬ್ಬರ್ ಹರಿಯುತ್ತದೆ ಅಥವಾ ಫ್ಯೂಸ್ ಹೋಗುತ್ತದೆ. ನೀರು ಚಿಮ್ಮುವ ತೂತು ಕಟ್ಟಿಕೊಂಡಿದ್ದರೆ ತೆಳ್ಳನೆಯ ಗುಂಡುಪಿನ್ನಿನಲ್ಲಿ ಬಿಡಿಸಿ.

ಬಿಸಿಲಲ್ಲಿ ನಿಲ್ಲಿಸುವಾಗ ತೋಳು ಎತ್ತಿಡಬೇಕಾ ಎಂದು ಕೇಳುವವರು ಬಹಳ. ಎತ್ತಿಟ್ಟರೆ ರಬ್ಬರ್ ಕಾದ ಗಾಜಿಗೆ ಅಂಟುವುದು ತಪ್ಪುತ್ತದೆ, ಆದರೆ ಬಿಸಿಲು ತಪ್ಪುವುದಿಲ್ಲ. ದಿನವಿಡೀ ಸ್ಪ್ರಿಂಗ್ ಎಳೆದುಕೊಂಡೇ ಇರುತ್ತದೆ, ಹೋಗುವವರ ಕೈ ತಾಗಿದರೆ ತೋಳು ಗಾಜಿನ ಮೇಲೆ ಬಂದು ಬೀಳುತ್ತದೆ. ನೆರಳು ಹುಡುಕುವುದು ವಾಸಿ, ಸಿಗದಿದ್ದರೆ ಗಾಜಿನ ಮೇಲೆ ಹೊದಿಕೆ ಹಾಕಿ.

ಹಿಂದಿನ ಗಾಜಿಗೂ ವೈಪರ್ ಇದ್ದರೆ ಅದನ್ನೂ ಇದೇ ದಿನ ನೋಡಿಬಿಡಿ. ಅದು ಗಿಡ್ಡ, ಅದರ ಕ್ಲಿಪ್ ಆಯಾ ಮಾಡೆಲಿಗೇ ಬೇರೆ. ಎಲ್ಲಕ್ಕೂ ಹೊಂದುವ ಬ್ಲೇಡ್ ಅಲ್ಲಿ ಕೂರುವುದು ಅಪರೂಪ. ಗಾಡಿಯ ಮಾಡೆಲು, ವರ್ಷ ಹೇಳಿಯೇ ಕೇಳಿ.