ಏಳು ವರ್ಷ ಮಂಚದೊಳಗಿದ್ದ ಉಲ್ಲನ್ ಚೀಲ

ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಮಂಚದ ಪೆಟ್ಟಿಗೆಯಿಂದ ಒಂದು ಬಟ್ಟೆ ಚೀಲ ಹೊರಗೆ ಬಂತು. ಒಳಗೆ ನಾಲ್ಕು ಅರೆಬರೆ ಹೆಣಿಗೆ. ಮಗನ ಹಳದಿ ಸ್ವೆಟರ್, ನನ್ನ ನೀಲಿ ಕಾರ್ಡಿಗನ್, ಅವ್ವನಿಗೆಂದು ತೂತು ಡಿಸೈನಿನ ಶಾಲು, ಮತ್ತೆ ಒಂದೇ ಒಂದು ಕಾಲುಚೀಲ. ಸ್ವೆಟರ್ ಶುರು ಮಾಡಿದಾಗ ಮಗನಿಗೆ 4 ವರ್ಷ. ಈಗ 11.

ನನಗೆ ಹೆಣಿಗೆ ಕಲಿಸಿದ್ದು ಅವ್ವ, ಧಾರವಾಡದಲ್ಲಿ. ಮದುವೆಯಾಗಿ ಪುಣೆಗೆ ಬಂದ ಮೇಲೂ ಚಳಿ ಶುರುವಾದರೆ ಕೈಗೆ ಕಡ್ಡಿ ಬರುತ್ತಿತ್ತು. ಆಮೇಲೆ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ಯಾರಾದರೂ ಕೇಳಿದರೆ ಟೈಮ್ ಇಲ್ಲ ಅನ್ನುತ್ತಿದ್ದೆ.

ಆವತ್ತು ಚೀಲವನ್ನು ತಿರುಗಿ ಒಳಗೆ ಇಡಲಿಲ್ಲ. ನಾಲ್ಕನ್ನೂ ಹಾಸಿಗೆ ಮೇಲೆ ಹರಡಿ, ಯಾವುದು ಎಲ್ಲಿಗೆ ಬಂದು ನಿಂತಿದೆ ಅಂತ ನೋಡುತ್ತಾ ಹೋದೆ. ಒಂದೂ ಸುಮ್ನೆ ನಿಂತಿರಲಿಲ್ಲ. ಕಾರ್ಡಿಗನ್‌ಗೆ ಉಲ್ಲನ್ ಸಾಲದೆ ಬಂದಿತ್ತು. ಶಾಲಿನಲ್ಲಿ ಡಿಸೈನ್ ತಪ್ಪಿತ್ತು. ಸ್ವೆಟರ್ ಕುತ್ತಿಗೆ ಹತ್ತಿರ ಬರುವ ಹೊತ್ತಿಗೆ ಮಗನಿಗೆ ಬಿಗಿಯಾಗಿತ್ತು. ಪ್ರತಿಯೊಂದರಲ್ಲೂ ಒಂದು ಮುಳ್ಳು ಇತ್ತು, ನಾನು ಅದನ್ನು ತೆಗೆಯದೆ ಚೀಲಕ್ಕೆ ಹಾಕಿದ್ದೆ. ಅದು ಗೊತ್ತಾದ ಮೇಲೆ ಮನಸ್ಸು ಎಷ್ಟು ಹಗುರಾಯಿತು! ಸೋಮಾರಿತನಕ್ಕೆ ನನ್ನ ಹತ್ತಿರ ಮದ್ದಿಲ್ಲ, ಮುಳ್ಳಿಗೆ ಇದೆ ಅಲ್ವಾ?

ಮೊದಲು ಕಾಲುಚೀಲ ಹಿಡಿದೆ, ಅದು ಎಲ್ಲಕ್ಕಿಂತ ಸಣ್ಣದು ಅಂತ. ಮುಗಿದಿದ್ದ ಕಾಲುಚೀಲಕ್ಕೆ ಎಷ್ಟು ಸಾಲು ಹಾಕಿದ್ದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಹೆಣಿಗೆಯಲ್ಲೇ ಎಲ್ಲ ಬರೆದಿರುತ್ತದೆ. ಸುಲಟ ಕಡೆ, ಅಂದರೆ ಹೆಣಿಗೆಯ ಮುಂಬದಿಯಲ್ಲಿ, ಕುಣಿಕೆಗಳು ಸಣ್ಣ ಜಡೆ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಜಡೆಯ ಒಂದು ಮಡಿಕೆ ಅಂದರೆ ಒಂದು ಸಾಲು. ಗುಂಡುಪಿನ್ನಿನ ತುದಿಯಿಂದ ಎಣಿಸುತ್ತಾ ಹೋದೆ. ಕಾಲಿನ ಮೇಲ್ಭಾಗಕ್ಕೆ 62 ಸಾಲು. ಜೋಡಿ ಮುಗಿಯಲು 9 ಸಂಜೆ ಬೇಕಾಯಿತು. ಮುಗಿದ ರಾತ್ರಿ ಎರಡನ್ನೂ ಹಾಕಿಕೊಂಡೇ ಮಲಗಿದೆ.

ಹಳದಿ ಸ್ವೆಟರ್ ವಿಷಯದಲ್ಲಿ ಮಾತ್ರ ಕೈ ಏಳಲಿಲ್ಲ. ಅವನಿಗೆ ಇನ್ನು ಆಗುವುದಿಲ್ಲ. ಬಿಚ್ಚೋಣ ಅಂದರೆ ಹೊಟ್ಟೆಯಲ್ಲಿ ಸಂಕಟ. ಎದುರು ಮನೆಯ ಮರಾಠಿ ಆಜಿ ಅದನ್ನು ಕೈಯಲ್ಲಿ ಹಿಡಿದು, "ಬಿಚ್ಚಿದರೆ ಲೋಕರ (ಉಲ್ಲನ್) ಎಲ್ಲಿಗೆ ಹೋಗುತ್ತದೆ? ನಿನ್ನ ಕೈಯಲ್ಲೇ ಇರುತ್ತದಲ್ಲ" ಅಂದರು. ಅಲ್ಲೇ ಕೂತು ಬಿಚ್ಚಿದೆವು. ನಾನು ಎಳೆದೆ, ಆಜಿ ಕುರ್ಚಿಯ ಬೆನ್ನಿಗೆ ಸುತ್ತಿದರು. ಬಿಚ್ಚಿದ ಉಲ್ಲನ್ ನೂಡಲ್ಸ್ ಹಾಗೆ ಸುರುಳಿ ಸುರುಳಿ ಇರುತ್ತದೆ. ಹಾಗೇ ಹೆಣೆದರೆ ಕುಣಿಕೆ ಸಮ ಬರುವುದಿಲ್ಲ. ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಬೇಕು. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆಸಿ, ಹಿಂಡದೆ, ಟವೆಲಿನಲ್ಲಿ ಒತ್ತಿ ನೆರಳಲ್ಲಿ ತೂಗುಹಾಕಬೇಕು. ಮಾರನೆಯ ದಿನಕ್ಕೆ ದಾರ ನೆಟ್ಟಗಾಗಿತ್ತು. ಅದು ಅಪ್ಪಟ ಉಲ್ಲನ್, ಅದಕ್ಕೇ ಇಷ್ಟು ಚೆನ್ನಾಗಿ ಬಂತು. ಅಕ್ರಿಲಿಕ್ ಇಷ್ಟು ಸುಲಭಕ್ಕೆ ನೆಟ್ಟಗಾಗುವುದಿಲ್ಲ. ಎರಡು ಕಡೆ ಹುಳು ತಿಂದಿತ್ತು, ಅಲ್ಲಿ ಕತ್ತರಿಸಿ ಗಂಟು ಹಾಕಿದೆ. ಆ ಹಳದಿಯಲ್ಲಿ ಈಗ ಮಗನಿಗೊಂದು ಟೋಪಿ, ಮಫ್ಲರ್ ಆಗಿವೆ.

ಕಾರ್ಡಿಗನ್ ಜಾಸ್ತಿ ದಿನ ತಿಂದಿತು. ಮೈ ಪೂರ್ತಿ ಆಗಿತ್ತು, ತೋಳು ಎರಡೂ ಬಾಕಿ. ಉಳಿದದ್ದು ಎರಡೇ ಉಂಡೆ. ಲೇಬಲ್ ಹಿಡಿದುಕೊಂಡು ಪುಣೆಯ ತುಳಶೀಬಾಗ್ ಮಾರ್ಕೆಟ್ಟಿಗೆ ಹೋದೆ. ಅದೇ ನೀಲಿ ಸಿಕ್ಕಿತು, ಆದರೆ ಲಾಟ್ ನಂಬರ್ ಬೇರೆ. ಒಂದು ಸಲ ಬಣ್ಣ ಹಾಕಿದ ಲಾಟ್ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಅಂಗಡಿಯ ಬೆಳಕಿನಲ್ಲಿ ಒಂದೇ ಕಂಡರೂ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದಾಗ ಹೊಸದು ಒಂದು ಚೂರು ಗಾಢವಾಗಿತ್ತು. ಹಳೆ ಉಂಡೆಯಿಂದ ಎರಡು ಸಾಲು, ಹೊಸದರಿಂದ ಎರಡು ಸಾಲು, ಹೀಗೆ ಬದಲಿಸುತ್ತಾ ಹೆಣೆದೆ. ಬಣ್ಣ ಒಂದರೊಳಗೊಂದು ಸೇರಿಹೋಯಿತು.

ಇನ್ನೊಂದು ತೊಂದರೆ ನಾನು ಊಹಿಸಿರಲಿಲ್ಲ. ಏಳು ವರ್ಷದಲ್ಲಿ ನನ್ನ ಕೈ ಬದಲಾಗಿತ್ತು. ಹಳೆ ಭಾಗದಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ. ಈಗ ಅದೇ 8ನೇ ನಂಬರ್ ಕಡ್ಡಿಯಲ್ಲಿ 24 ಬರುತ್ತಿತ್ತು, ಅಂದರೆ ಬಿಗಿ. ಹೀಗೇ ಮುಂದುವರಿಸಿದ್ದರೆ ತೋಳು ಕೈಗೆ ಕಚ್ಚುತ್ತಿತ್ತು. 7ನೇ ನಂಬರಿಗೆ ಹೋದೆ. ನಮ್ಮ ಕಡ್ಡಿಗಳಲ್ಲಿ ನಂಬರ್ ಇಳಿದ ಹಾಗೆ ಕಡ್ಡಿ ದಪ್ಪ: 8 ಅಂದರೆ 4 ಮಿಲಿಮೀಟರ್, 7 ಅಂದರೆ 4.5. ಅದರಲ್ಲಿ ಸರಿಯಾಗಿ 22 ಬಂತು. ಹಳೆ ಹೆಣಿಗೆ ಮುಂದುವರಿಸುವವರು ದಯವಿಟ್ಟು ಮೊದಲು ಅಂಗೈ ಅಗಲದ ಒಂದು ತುಂಡು ಹೆಣೆದು ಅಳೆದು ನೋಡಿ.

ತೋಳು ಎರಡನ್ನೂ ಒಂದೇ ಉದ್ದನೆಯ ವೈರ್ ಕಡ್ಡಿಯ (ಎರಡು ಕಡ್ಡಿಗಳ ನಡುವೆ ಬಾಗುವ ವೈರ್ ಇರುವಂಥದ್ದು) ಮೇಲೆ ಅಕ್ಕಪಕ್ಕ ಹಾಕಿದೆ, ಒಂದೊಂದಕ್ಕೆ ಬೇರೆ ಬೇರೆ ಉಂಡೆ. ಎರಡೂ ಒಟ್ಟಿಗೇ ಬೆಳೆದು ಒಟ್ಟಿಗೇ ಮುಗಿದವು. ಒಂದು ತೋಳು ಮುಗಿಸಿ ಇನ್ನೊಂದನ್ನು ಬಿಟ್ಟುಬಿಡುವ ನನ್ನ ಹಳೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಜನವರಿಯಲ್ಲಿ ಬೆಳಿಗ್ಗೆ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿದಾಗ ಅದನ್ನೇ ಹಾಕಿಕೊಂಡಿದ್ದೆ. ಮೇಲೆ ಗಾಳಿಗೆ ಕೂತು ಪಿಠಲ-ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ತಿನ್ನುವಾಗ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡೆ. ಸರಿಯಾಗಿ ಬಂದಿತ್ತು.

ಈಗ ಕಡ್ಡಿ ಮೇಲಿರುವುದು ಅವ್ವನ ಶಾಲು. ಇದರಲ್ಲಿ ಒಂದು ಕುಣಿಕೆ ತಪ್ಪಿದರೆ ಡಿಸೈನ್ ಪೂರ್ತಿ ಕೆಡುತ್ತದೆ, ಬಿಚ್ಚಿದರೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಅದಕ್ಕೇ ಪ್ರತಿ 10 ಸಾಲಿಗೊಮ್ಮೆ ಮೊಂಡ ಸೂಜಿಯಲ್ಲಿ ಗುಲಾಬಿ ಬಣ್ಣದ ಹೊಲಿಗೆ ದಾರ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸುತ್ತೇನೆ. ತಪ್ಪಾದರೆ ಆ ದಾರದವರೆಗೆ ಮಾತ್ರ ಬಿಚ್ಚುತ್ತದೆ, ಅಲ್ಲಿ ಕುಣಿಕೆಗಳು ಸಿಕ್ಕಿಕೊಂಡು ನಿಲ್ಲುತ್ತವೆ. ಈಗಾಗಲೇ ಎರಡು ಸಲ ಅದು ಕಾಪಾಡಿದೆ.

ಅವ್ವ ಫೋನ್ ಮಾಡಿದಾಗಲೆಲ್ಲ "ಎಷ್ಟಾತವಾ?" ಅಂತ ಕೇಳುತ್ತಾಳೆ. ನಿನ್ನೆ ರಾತ್ರಿಗೆ 96 ಸಾಲು. ಗುಲಾಬಿ ದಾರ 90ರಲ್ಲಿದೆ.